ಹಿಂದಕ್ಕೆ ಹೋಗದ ಬಸ್ಸುಗಳು

"ರೀ! ಆ ಬಸ್ಸಿನ ಬಾಯಿ ಮುಚ್ಚಿಸ್ತೀರಾ, ಇಲ್ಲಾ ನಾನೇ ಬರ್ಲಾ?"

ಕಾಂಪೌಂಡ್ ಗೋಡೆಯ ಆಚೆಯಿಂದ ಬಂದ ಆ ಕೂಗಿಗೆ ಅವಳ ಕೈಯಲ್ಲಿದ್ದ ಅಳತೆ ಟೇಪು ಜಾರಿ ಬಿತ್ತು.

ಬೆಳಿಗ್ಗೆ ಎಂಟು ಗಂಟೆ. ಹಳೆಯ ಗೋದಾಮು ಕೆಡವಿದ ಆ ಖಾಲಿ ಜಾಗದಲ್ಲಿ ಶಾಲಾ ಬಸ್ಸುಗಳ ಡಿಪೋ ಬರಬೇಕಿತ್ತು. ಅದರ ನಕ್ಷೆ ಬರೆಯುವ ಎಂಜಿನಿಯರ್ ಅವಳೇ. ಬಸ್ಸು ತಿರುಗಲು ಎಷ್ಟು ಜಾಗ ಬೇಕು ಎಂದು ನೋಡಲು ನಿಜವಾದ ಬಸ್ಸನ್ನೇ ತರಿಸಿದ್ದಳು. ಓಡಿಸುತ್ತಿದ್ದವನೂ ಹೊರಗಿನವನಲ್ಲ, ಅವಳ ಅಪ್ಪ! ಇಪ್ಪತ್ತೆಂಟು ವರ್ಷದಿಂದ ಶಾಲೆ ಬಸ್ಸಿನ ಡ್ರೈವರ್. ಅಪ್ಪ ರಿವರ್ಸ್ ಹಾಕಿದಾಗೆಲ್ಲ ಬಸ್ಸು 'ಪೀಂ... ಪೀಂ... ಪೀಂ...' ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು.

ಗೋಡೆಯ ಮೇಲೆ ಒಂದು ತಲೆ ಕಾಣಿಸಿತು. ಕೆದರಿದ ಕೂದಲು, ಅದರ ತುಂಬ ಮರದ ಪುಡಿ, ಕೆಂಡದಂಥ ಕಣ್ಣು.

"ಅದು ಮಕ್ಕಳ ಜೀವ ಉಳಿಸೋ ಶಬ್ದ ಕಣ್ರೀ! ಹಿಂದೆ ಯಾರಾದ್ರೂ ಇದ್ರೆ ಗೊತ್ತಾಗ್ಲಿ ಅಂತ!"

"ಗೊತ್ತಾಯ್ತಲ್ಲ? ಹಿಂದೆ ನಾನಿದ್ದೀನಿ! ಎರಡು ಗಂಟೆ ಹೊತ್ತಿಂದ ಒಂದು ತಂತೀನ ಶ್ರುತಿಗೆ ತರ್ತಿದ್ದೆ, ಎಲ್ಲಾ ನೀರು ಪಾಲಾಯ್ತು!"

"ಹಾಗಿದ್ರೆ ಕಿಟಕಿ ಮುಚ್ಕೊಳ್ಳಿ!"

"ನೀವು ಡಿಪೋ ಮುಚ್ಕೊಳ್ಳಿ!"

ತಲೆ ಮಾಯವಾಯಿತು. ಸ್ಟಿಯರಿಂಗ್ ಬಿಟ್ಟು ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರಿಯಾದ ಜೋಡಿ ಸಿಕ್ತು ನಿನ್ನ ಬಾಯಿಗೆ!"

'ಎಂಥಾ ಒರಟ!' ಎಂದುಕೊಂಡಳು. ಆದರೂ ದಿನವಿಡೀ ಆ ಕಣ್ಣು ಮನಸ್ಸಿನಿಂದ ಕದಲಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಅವನು ಪಿಯಾನೋ ರಿಪೇರಿಯವನು. ಸಣ್ಣ ಸದ್ದೂ ಅವನಿಗೆ ಕೇಳಿಸುತ್ತದೆಂದು ಬೀದಿಯವರು ಇಟ್ಟ ಹೆಸರು ಕಿವಿರಾಯ. ಮರುದಿನವೇ ಡಿಪೋ ಬೇಡವೆಂದು ಕಿವಿರಾಯನ ಆಕ್ಷೇಪಣೆ ಅವಳ ಕಚೇರಿಗೆ ಬಂತು. ಇಡೀ ಬಡಾವಣೆಯಲ್ಲಿ ಅದೊಂದೇ.

ಆ ಒಂದೇ ಸಾಕಿತ್ತು, ನಾಲ್ಕು ವರ್ಷದ ಓಡಾಟ ಮಣ್ಣುಪಾಲಾಗಲು. ಈಗ ನಲವತ್ತೆರಡು ಬಸ್ಸುಗಳು ಮುಖ್ಯರಸ್ತೆಯ ಬದಿಯಲ್ಲೇ ನಿಲ್ಲುತ್ತಿದ್ದವು. ಪುಟ್ಟ ಪುಟ್ಟ ಮಕ್ಕಳು ಅವುಗಳ ಸಂದಿಯಲ್ಲಿ ನುಸುಳಿ ತಮ್ಮ ಬಸ್ಸು ಹುಡುಕಬೇಕು. ನೋಡಿದವರ ಎದೆ ಝಲ್ಲೆನ್ನುತ್ತಿತ್ತು. ನಕ್ಷೆ ಬಿದ್ದುಹೋದರೆ ಆ ಜಾಗ ಬೇರೆ ಇಲಾಖೆಯ ಪಾಲು. ಮತ್ತೆ ಸಿಗುವ ಮಾತೇ ಇಲ್ಲ.

ಆ ಕಚೇರಿಯಲ್ಲೊಂದು ನಿಯಮವಿತ್ತು. ಆಕ್ಷೇಪಣೆ ಬಂದರೆ ನಕ್ಷೆ ಬರೆದವರೇ ಆಕ್ಷೇಪಿಸಿದವರ ಮನೆಗೆ ಹೋಗಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಬರಬೇಕು. ಹಲ್ಲು ಕಚ್ಚಿಕೊಂಡು ಹೊರಟಳು.

ಬಾಗಿಲು ತೆರೆದವನು ಅವಳನ್ನು ನೋಡಿ ಪೆಚ್ಚಾದ. "ಅವತ್ತು... ಸ್ವಲ್ಪ ಜಾಸ್ತಿನೇ ಕೂಗಾಡಿಬಿಟ್ಟೆ. ಒಳಗೆ ಬನ್ನಿ."

ಕೋಣೆಯಲ್ಲಿ ಐದು ಪಿಯಾನೋಗಳು ಹೊಟ್ಟೆ ಬಿಚ್ಚಿಕೊಂಡು ನಿಂತಿದ್ದವು. ಅಂಟಿನ ವಾಸನೆ, ಉಣ್ಣೆಬಟ್ಟೆಯ ಚೂರುಗಳು, ಸಾಲಾಗಿ ಜೋಡಿಸಿದ ಪುಟ್ಟ ಮರದ ಸುತ್ತಿಗೆಗಳು. ಮನೆಯೇ ಕಾರ್ಖಾನೆ. ತೀರಿಹೋದ ಅಮ್ಮ ನಡೆಸುತ್ತಿದ್ದದ್ದು, ಕೆಲಸ ಕಲಿಸಿದವಳೂ ಅವಳೇ.

"ಹೇಳಿ, ಬರ್ಕೋತೀನಿ," ಎಂದಳು ಗತ್ತಿನಿಂದ.

"ಮಕ್ಕಳ ಗಲಾಟೆ ನಂಗೆ ತೊಂದ್ರೆನೇ ಅಲ್ಲ. ಎಂಜಿನ್ ಗುರ್ ಅಂತಿದ್ರೂ ಹೊಂದ್ಕೋತೀನಿ. ಆ ಪೀಂ ಇದೆಯಲ್ಲ... ಕೇಳ್ತಿರೋ ಸ್ವರನ ಕಿವಿಯಿಂದ ಕಿತ್ಕೊಂಡು ಹೋಗುತ್ತೆ. ಇಲ್ಲಿ ಬನ್ನಿ, ತೋರಿಸ್ತೀನಿ."

ಅವನು ಪಿಯಾನೋದ ಒಂದು ಬಿಳಿ ಕೀ ಒತ್ತಿದ. ಎರಡು ತಂತಿಗಳು ಒಟ್ಟಿಗೆ ಮಿಡಿದವು, ನಡುವೆ ಏನೋ ನಡುಗುತ್ತಿತ್ತು. ಅವನು ಮೆಲ್ಲಗೆ, ಕೂದಲೆಳೆಯಷ್ಟು ತಿರುಪು ತಿರುಗಿಸಿದ. ನಡುಕ ನಿಧಾನವಾಯಿತು... ಇನ್ನೂ ನಿಧಾನ... ಆಮೇಲೆ ಎರಡೂ ಒಂದೇ ಆಗಿಹೋದವು!

ಅವಳಿಗೆ ಉಸಿರಾಡುವುದೇ ಮರೆತುಹೋಗಿತ್ತು. ತಲೆಯೆತ್ತಿದರೆ ಅವನು ತಂತಿಯನ್ನಲ್ಲ, ಅವಳನ್ನೇ ನೋಡುತ್ತಿದ್ದ.

"ಕೇಳಿಸ್ತಾ?"

"ಹೂಂ..." ಎಂದಳು. ಗತ್ತು ಎಲ್ಲಿ ಹೋಯಿತೋ, ದೇವರೇ ಬಲ್ಲ.

ಅಲ್ಲೇ ಅವಳಿಗೆ ಹೊಳೆಯಿತು. "ರೀ, ಬಸ್ಸು ರಿವರ್ಸೇ ತಗೊಳ್ದೆ ಇದ್ರೆ? ಒಂದು ಗೇಟಲ್ಲಿ ಬಂದು, ಓರೆಯಾಗಿ ನಿಂತು, ಇನ್ನೊಂದು ಗೇಟಲ್ಲಿ ಮುಂದಕ್ಕೇ ಹೋಗೋ ಹಾಗೆ ಮಾಡಿದ್ರೆ?"

ಅವನ ಮುಖ ಅರಳಿತು.

ಆಮೇಲೆ ಮೂರು ವಾರ, ದಿನಾ ಸಂಜೆ ಅವನೂ ಆ ಜಾಗಕ್ಕೆ ಹಾಜರ್! ಅವಳು ಸುಣ್ಣದ ಗೆರೆ ಎಳೆಯುತ್ತಿದ್ದಳು, ಅವನು ಗೆರೆಯ ಮೇಲೆ ಬಸ್ಸಾಗಿ ನಡೆಯುತ್ತಿದ್ದ. "ನನ್ನ ಹಿಂಭಾಗ ಗೋಡೆಗೆ ತಾಗ್ತಿದೆ ಮೇಡಂ!" ಎಂದು ಕೂಗಿದರೆ ಅವಳು ನಕ್ಕು ನಕ್ಕು ಸುಸ್ತು.

"ಏನೇ, ಬಸ್ಸಿಗೆ ಜಾಗ ನೋಡ್ತಿದ್ದೀಯೋ, ನಿಂಗೆ ಗಂಡು ನೋಡ್ತಿದ್ದೀಯೋ?" ಎಂದ ಅಪ್ಪ ಒಂದು ಸಂಜೆ.

"ಅಪ್ಪಾ!" ಎಂದು ಗದರಿದಳು. ಕೆನ್ನೆ ಮಾತ್ರ ಕೆಂಪಾಗಿತ್ತು.

ಆದರೆ ಲೆಕ್ಕ ಅವಳ ಮಾತು ಕೇಳಬೇಕಲ್ಲ? ನಲವತ್ತೆರಡೂ ಬಸ್ಸು ಹಿಡಿಯಬೇಕಾದರೆ ಎರಡನೇ ಗೇಟು ಹಿಂದಿನ ಬೀದಿಗೇ ತೆರೆಯಬೇಕು. ಅಲ್ಲಿರುವುದು ಅವನ ಕಾರ್ಖಾನೆ! ಒಂದು ಮಧ್ಯಾಹ್ನ ಅದನ್ನೂ ಬರೆದು ನೋಡಿದಳು. ಎಲ್ಲವೂ ಅಚ್ಚುಕಟ್ಟಾಗಿ ಕೂತಿತ್ತು. ಅವನ ಕಿವಿ ಉಳಿಸಲು ಹೋಗಿ ಅವನ ಮನೆಯನ್ನೇ ಕೆಡವಿದಂತಾಗಿತ್ತು.

ತಿಳಿನೀಲಿ ಪೆನ್ಸಿಲ್ ತೆಗೆದುಕೊಂಡು ಹಾಳೆಗೆ ಮೂಲೆಯಿಂದ ಮೂಲೆಗೆ ಗೀಟು ಹೊಡೆದಳು. ಪಕ್ಕದಲ್ಲಿ ಬರೆದಳು: 'ಬೇಡ. ಇಲ್ಲಿ ಅವರಿದ್ದಾರೆ.'

ನಕ್ಷೆ ಬರೆಯುವವರು ತಮಗಾಗಿ ಗುರುತು ಹಾಕಿಕೊಳ್ಳುವುದು ಈ ತಿಳಿನೀಲಿಯಲ್ಲೇ. ಯಾಕೆಂದರೆ ನಕಲು ತೆಗೆಯುವ ಯಂತ್ರಕ್ಕೆ ಆ ಬಣ್ಣ ಕಾಣುವುದಿಲ್ಲ! ಅವಸರದಲ್ಲಿ ಅವಳು ಅದನ್ನೇ ಮರೆತು ಹಾಳೆಯನ್ನು ಕಡತಕ್ಕೆ ಸೇರಿಸಿದಳು. ಕಚೇರಿಯ ಗುಮಾಸ್ತ ಮಸುಕು ಗೀಟನ್ನು ಗಮನಿಸದೆ, ಕಡತದಲ್ಲಿದ್ದ ಕೊನೆಯ ತಾರೀಕಿನ ಹಾಳೆಯನ್ನೇ ನಕಲು ತೆಗೆಸಿ, ವಿಚಾರಣೆಗೆ ಮುನ್ನ ಜನ ನೋಡಲೆಂದು ಆ ಜಾಗದ ಗೇಟಿಗೆ ಅಂಟಿಸಿ ಬಂದ. ಅದರಲ್ಲಿ ಗೀಟೂ ಇಲ್ಲ, ಬರಹವೂ ಇಲ್ಲ. ಅವನ ಕಾರ್ಖಾನೆಯ ಮೇಲೆ 'ಹೊರ ಗೇಟು' ಎಂದು ಮಾತ್ರ ಇತ್ತು.

ಸಂಜೆ ಅವಳು ಬಂದಾಗ ಅವನು ಆ ಹಾಳೆಯ ಮುಂದೆಯೇ ನಿಂತಿದ್ದ.

"ಅವತ್ತು ನನ್ನ ಮಾತು ಬರ್ಕೊಳ್ಳೋಕೆ ಬಂದಿದ್ರಾ... ಇಲ್ಲ ನನ್ನ ಗೋಡೆ ಅಳೆಯೋಕೆ ಬಂದಿದ್ರಾ?"

"ಅಯ್ಯೋ, ಇದು ಇಲ್ಲಿಗೆ ಹೇಗೆ... ಒಂದು ನಿಮಿಷ ಕೇಳಿ..."

"ಕೇಳಿದ್ದು ಸಾಕು ಮೇಡಂ. ಕೇಳೋದೇ ನನ್ನ ಕಸುಬು ಅಂತ ಜಂಬ ಪಡ್ತಿದ್ದೆ. ನಿಮ್ಮ ಮಾತಲ್ಲಿ ಏನಿದೆ ಅನ್ನೋದೇ ಕೇಳಿಸಲಿಲ್ಲ ನೋಡಿ."

ಅವನು ಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಮೂರು ದಿನ ಮೂರು ಸಲ ಹೋಗಿ ತಟ್ಟಿದಳು, ತೆರೆಯಲಿಲ್ಲ. ಅಸಲು ಹಾಳೆ ತೋರಿಸೋಣವೆಂದರೆ ಕಡತ ಆಗಲೇ ಕಚೇರಿಯ ಮುಖ್ಯಸ್ಥೆ ದೊಡ್ಡ ಮೇಡಂ ಬೀರುವಿಗೆ ಹೋಗಿತ್ತು. 'ಅಷ್ಟು ಸುಲಭವಾಗಿ ನನ್ನನ್ನ ಕೆಟ್ಟವಳು ಅಂದ್ಕೊಂಡ್ರಾ?' ಮನೆಗೆ ಬಂದು ದಿಂಬಿಗೆ ಮುಖ ಒತ್ತಿ ಅತ್ತಳು.

ಅತ್ತು ಮುಗಿದ ಮೇಲೆ ಎದ್ದು, ಹೊಸ ಹಾಳೆ ಹಾಸಿ ಕೂತಳು.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಅಪ್ಪ. ಇನ್ನೊಂದು ಮೂಲೆಯಲ್ಲಿ ಕೈಕಟ್ಟಿ ಕೂತ ಅವನು. ಅವಳ ಕಡೆ ನೋಡಲೂ ಇಲ್ಲ.

ನಕ್ಷೆ ಒಪ್ಪುವ, ತಳ್ಳಿಹಾಕುವ ಅಧಿಕಾರವೆಲ್ಲ ದೊಡ್ಡ ಮೇಡಂ ಕೈಯಲ್ಲಿ. ಅವರು ಕಡತದಿಂದ ಅಸಲು ಹಾಳೆಯನ್ನು ಎತ್ತಿ ಹಿಡಿದರು. "ನಲವತ್ತೆರಡೂ ಬಸ್ಸು ಹಿಡಿಯುತ್ತೆ, ಚೆನ್ನಾಗೇ ಇದೆ. ಇದಕ್ಕೆ ಯಾಕಮ್ಮ ಗೀಟು ಹೊಡ್ದಿದ್ದೀಯ?" ಕನ್ನಡಕ ಸರಿಮಾಡಿಕೊಂಡರು. "ಏನೋ ಬರ್ದಿದೆ... 'ಬೇಡ. ಇಲ್ಲಿ ಅವರಿದ್ದಾರೆ.' ಯಾರಮ್ಮ ಈ ಅವರು?"

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೂಲೆಯಲ್ಲಿದ್ದವನು ತಟ್ಟನೆ ತಲೆಯೆತ್ತಿದ.

ಅವಳು ಹೊಸ ಹಾಳೆಯನ್ನು ಮೇಜಿನ ಮೇಲೆ ಹಾಸಿದಳು. "ಅಲ್ಲೊಬ್ಬರು ಕೆಲಸ ಮಾಡ್ತಾರೆ ಮೇಡಂ. ಅಮ್ಮ ಬಿಟ್ಟುಹೋದ ಕೆಲಸ. ಅದನ್ನ ಕೆಡವಿ ನಾನು ಗೇಟು ಇಡಲ್ಲ. ಇದು ಹೊಸ ನಕ್ಷೆ, ಎರಡು ಗೇಟೂ ಮುಂದಿನ ರಸ್ತೆಗೇ. ಒಂದು ಬಸ್ಸೂ ರಿವರ್ಸ್ ತಗೊಳ್ಳಲ್ಲ. ಆದ್ರೆ ಮೂವತ್ತೆಂಟೇ ಹಿಡಿಯೋದು. ಉಳಿದ ನಾಲ್ಕನ್ನ ಶಾಲೆ ಅಂಗಳದಲ್ಲಿ ನಿಲ್ಲಿಸೋಕೆ ಮುಖ್ಯೋಪಾಧ್ಯಾಯಿನಿ ಒಪ್ಪಿ ಪತ್ರ ಕೊಟ್ಟಿದ್ದಾರೆ."

"ನಾನು ಒಪ್ಪದೆ ಹೋದ್ರೆ ಜಾಗಾನೇ ಕೈತಪ್ಪುತ್ತೆ. ಗೊತ್ತು ತಾನೇ?"

"ಗೊತ್ತು ಮೇಡಂ. ಆದ್ರೂ ಇದನ್ನೇ ಕೇಳ್ತೀನಿ."

ದೊಡ್ಡ ಮೇಡಂ ಹೊಸ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. ಮೂಲೆಯ ಕಡೆ ನೋಡಿದರು. "ಆಕ್ಷೇಪಣೆಯವರು ಏನಂತೀರಿ?"

ಅವನು ಎದ್ದು ನಿಂತ. "ಇಲ್ಲ ಮೇಡಂ... ನಂದು ಯಾವ ಆಕ್ಷೇಪಣೆಯೂ ಇಲ್ಲ. ತಪ್ಪೆಲ್ಲಾ ನಂದೇ."

"ತಪ್ಪಿನ ವಿಚಾರಣೆ ನೀವಿಬ್ರೂ ಹೊರಗೆ ಇಟ್ಕೊಳ್ಳಿ," ಎಂದು ದೊಡ್ಡ ಮೇಡಂ ಹೊಸ ನಕ್ಷೆಗೆ ಸಹಿ ಹಾಕಿದರು. ಚಪ್ಪಾಳೆಯಲ್ಲಿ ಎಲ್ಲರಿಗಿಂತ ಜೋರು ಅಪ್ಪನದೇ!

ಹೊರಗೆ ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ.

"ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನಂಗೆ."

"ಮೂರು ಸಲ ಬಂದೆ!" ಅವಳ ಕಣ್ಣು ತುಂಬಿತು. "ಒಂದೇ ಒಂದು ಸಲ ಬಾಗಿಲು ತೆಗೀಬಾರ್ದಿತ್ತಾ?"

"ಬಾಗಿಲ ಹಿಂದೆಯೇ ನಿಂತಿದ್ದೆ. ತೆಗೆದ್ರೆ ನೀವು ಏನು ಹೇಳಿದ್ರೂ ನಂಬಿಬಿಡ್ತೀನಿ ಅಂತ ಹೆದರಿಕೆ."

"ಈಗ?"

"ಈಗ ನೀವಿಲ್ದೆ ಇರೋಕೆ ಹೆದರಿಕೆ. ನೀವಂದ್ರೆ ನಂಗೆ ಪ್ರಾಣ ಕಣ್ರೀ... ಮದುವೆ ಆಗ್ತೀರಾ?"

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಳುವೂ ನಗುವೂ ಒಟ್ಟಿಗೇ ಬಂದಿದ್ದವು.

"ನಾನು ಜಗಳಗಂಟಿ."

"ಅದು ಬೀದಿಗೆಲ್ಲಾ ಗೊತ್ತು."

"ಮುಂದಿನ ವರ್ಷ ಅಪ್ಪ ನಿವೃತ್ತಿ. ಅವರನ್ನ ಒಬ್ಬರೇ ಬಿಟ್ಟು ನಾನು ಬರಲ್ಲ."

"ಯಾರು ಬಿಟ್ಟು ಬನ್ನಿ ಅಂದ್ರು? ಅವರೂ ನಮ್ಮ ಮನೇಲೇ ಇರ್ತಾರೆ."

ಅವಳು ಅವನನ್ನೇ ನೋಡಿದಳು. ಮೆಟ್ಟಿಲಿಳಿಯುವ ಜನರೆಲ್ಲ ಅವರನ್ನು ದಾಟಿ ಹೋಗುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಏನಂದ್ರಿ? ಇನ್ನೊಂದ್ಸಲ ಹೇಳಿ..."

"ನಮ್ಮ ಮನೆ," ಎಂದ ಅವನು, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಳ್ಳುತ್ತಾ.

"ಹೂಂ... ಬರ್ತೀನಿ," ಎಂದಳು ಅವಳು.