ನೂರು ಎಂದಳು ಗೋದಾ

ಈ ವರ್ಷ ಲೋಹಿತ್‌ನ ಸೊಕ್ಕು ಮುರಿಯದೆ ಬಿಡುವುದಿಲ್ಲ ಎಂದು ಶಂಕರಪುರದ ಮನೆಯಿಂದ ಹೊರಡುವಾಗಲೇ ಗೋದಾ ಹಲ್ಲು ಕಚ್ಚಿಕೊಂಡಿದ್ದಳು. ಅಂಥ ಶಪಥ ಮಾಡಿದ ಹುಡುಗಿ ಕಣ್ಣಿಗೆ ಕಾಡಿಗೆ ಯಾಕೆ ತೀಡಿಕೊಂಡಳು ಅಂತ ಮಾತ್ರ ಕೇಳಬೇಡಿ. ಕೇಳಿದರೆ ನಿಮ್ಮ ಮೇಲೂ ಹರಿಹಾಯ್ದಾಳು.

ಚಾಮರಾಜಪೇಟೆಯಲ್ಲಿ ವೀರಭದ್ರಯ್ಯನವರ ಮನೆಯ ಮಹಡಿಯೇ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಕ್ಲಬ್ಬು. ವಾಯುಸೇನೆಯಿಂದ ರಿಟೈರ್ ಆದ ಅವರದೊಂದು ವಿಚಿತ್ರ ನಿಯಮ. ಸ್ಪರ್ಧೆಯ ದಿನ ಫೈಟರ್ ಜೆಟ್ ಇಳಿಸುವವರಿಗೆ ವೇಗದ ಅಂಕಿ ಕಾಣುವಂತಿಲ್ಲ; ಪಕ್ಕದಲ್ಲಿ ಕೂತ ಇನ್ನೊಬ್ಬರು ತಮ್ಮ ಸ್ಕ್ರೀನ್ ನೋಡಿ ಹೇಳಬೇಕು. ಹಿಂದಿನ ಚಕ್ರಗಳು ನೆಲ ಮುಟ್ಟಿದ ಮೇಲೂ ಜೆಟ್‌ನ ಮೂಗನ್ನು ಎತ್ತಿಯೇ ಹಿಡಿಯಬೇಕು, ಹೊಟ್ಟೆಗೆ ಗಾಳಿ ಬಡಿದು ವೇಗ ತಗ್ಗುತ್ತದೆ. ವೇಗ ನೂರು ನಾಟ್‌ಗೆ ಇಳಿದಾಗ ಮೂಗಿಳಿಸಿ ಬ್ರೇಕ್ ಒತ್ತಬೇಕು. ಅವಸರ ಮಾಡಿದರೆ ಟೈರ್ ಢಮಾರ್.

ಹೋದ ವರ್ಷ ಗೋದಾಳ ಪಕ್ಕ ಕೂತವನು ಲೋಹಿತ್. ನೂರು ಅಂದ. ಅವಳು ನಂಬಿ ಬ್ರೇಕ್ ಒತ್ತಿದಳು. ಆಗಿದ್ದದ್ದು ನೂರೈವತ್ತು ಎಂದು ಗೊತ್ತಾಗುವಷ್ಟರಲ್ಲಿ ಜೆಟ್ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿತ್ತು, ಕ್ಲಬ್ಬಿಗೆ ಕ್ಲಬ್ಬೇ ಬಿದ್ದು ಬಿದ್ದು ನಗುತ್ತಿತ್ತು. ಟ್ರೋಫಿ ಅವನ ಪಾಲಾಯಿತು. ತಾನು ಮೆಚ್ಚಿದವನೇ ಹೀಗೆ ಮಾಡಿದನಲ್ಲ ಎಂದು ಅವಳ ಹೊಟ್ಟೆ ಉರಿದುಹೋಯಿತು. ಮಾತು ಬಿಟ್ಟಳು. ಅವನ ಮೆಸೇಜುಗಳನ್ನು ಓದದೆ ಡಿಲೀಟ್ ಮಾಡಿದಳು.

ಈ ಸಲ ಬೆಣ್ಣೆಯ ಹಾಗೆ ಇಳಿಸಿ ಗೋದಾ ಎಲ್ಲರಿಗಿಂತ ಮುಂದಿದ್ದಳು. ಉಳಿದವನು ಲೋಹಿತ್ ಒಬ್ಬನೇ. ಅವನಿಗೆ ಅಂಕಿ ಹೇಳುವವರು ಯಾರು ಎಂದು ಚೀಟಿ ಎತ್ತಿದರೆ ಬಂದದ್ದು ಇವಳ ಹೆಸರು. ದೇವರಿದ್ದಾನೆ ಅಂದುಕೊಂಡಳು.

ಅವನು ಓರೆಗಣ್ಣಲ್ಲಿ ನೋಡಿ ನಕ್ಕ. ಅವಳು ಮುಖ ತಿರುಗಿಸಿದಳು, ಕಿವಿ ಮಾತ್ರ ಕೆಂಪಾಯಿತು.

ಚಕ್ರ ನೆಲ ಮುಟ್ಟಿತು. ಮೂಗು ಮೇಲೆಯೇ ಇತ್ತು. ಅವಳ ಸ್ಕ್ರೀನಿನಲ್ಲಿ ನೂರೈವತ್ತು.

"ನೂರು," ಎಂದಳು ಗೋದಾ.

ಅವನು ಒಂದು ಕ್ಷಣ ತಡೆದ. ಆಮೇಲೆ ಮೂಗಿಳಿಸಿ ಬ್ರೇಕ್ ಒತ್ತಿಯೇಬಿಟ್ಟ. ಟೈರ್ ಸಿಡಿದು ಜೆಟ್ ಪಲ್ಟಿ ಹೊಡೆಯಿತು. ಎಲ್ಲರೂ ನಕ್ಕರು. ವರ್ಷವಿಡೀ ಕಾದಿದ್ದ ಗೋದಾಗೆ ನಗು ಬರಲಿಲ್ಲ.

"ನೂರಿರ್ಲಿಲ್ಲ ಅಂತ ಗೊತ್ತಾಯ್ತು," ಅಂದ ಅವನು ಮೆಲ್ಲಗೆ. "ರನ್‌ವೇ ಓಡ್ತಿದ್ದ ರೀತೀಲೇ."

"ಮತ್ತೆ ಯಾಕೆ ಒತ್ತಿದೆ?"

"ನೀನು ಹೇಳಿದ್ಯಲ್ಲ."

ಅವಳು ಕುರ್ಚಿಯನ್ನು ಅವನತ್ತ ತಿರುಗಿಸಿದಳು. ಹೋದ ವರ್ಷ ಸುಳ್ಳು ಹೇಳಿದ್ದೇಕೆ ಎಂದು ಕೇಳಿದಳು. ಸುಳ್ಳಲ್ಲ, ಸ್ಕ್ರೀನ್ ಬಿಟ್ಟು ನಿನ್ನ ಮುಖವನ್ನೇ ನೋಡುತ್ತ ಕೂತಿದ್ದೆ, ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ, ಮೆಸೇಜಿನಲ್ಲೂ ಅದನ್ನೇ ಬರೆದಿದ್ದೆ ಅಂದ. ಹಾಳಾದವನು, ಹೇಳುವಾಗ ತಲೆಯನ್ನೂ ಎತ್ತಲಿಲ್ಲ.

ಗೋದಾ ಎದ್ದು ನಿಂತು, ಬೇಕೆಂದೇ ತಪ್ಪು ಅಂಕಿ ಹೇಳಿದೆ ಎಂದು ಎಲ್ಲರೆದುರು ವೀರಭದ್ರಯ್ಯನವರಿಗೆ ಒಪ್ಪಿಸಿದಳು. ಅವರು ಅವಳ ಹೆಸರನ್ನೇ ಸ್ಪರ್ಧೆಯಿಂದ ತೆಗೆದುಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಂಕಟವೂ ಆಯಿತು, ಮನಸ್ಸು ಹಗುರವೂ ಆಯಿತು.

ಮೆಟ್ಟಿಲಲ್ಲಿ ಹಿಂದೆಯೇ ಬಂದ ಲೋಹಿತ್, ಸೇಡು ತೀರಿತಾ ಎಂದು ಕೇಳಿದ.

"ಎಲ್ಲಿ ತೀರ್ತು? ಒಂದು ವರ್ಷ ಅಳ್ಸಿದೀಯ ನನ್ನ," ಅಂದಳು. "ಭಾನುವಾರ ಮನೆಗೆ ಬಾ. ನಮ್ಮಪ್ಪನ ಹತ್ರ ಮದುವೆ ಮಾತು ನೀನೇ ಎತ್ತು. ನಾನು ಪಕ್ಕದಲ್ಲೇ ಕೂತಿರ್ತೀನಿ, ಒಂದು ಮಾತೂ ಹೇಳ್ಕೊಡಲ್ಲ."

ಅವಳಪ್ಪ ಚಕ್ರಪಾಣಿ ಮೇಷ್ಟ್ರೆಂದರೆ ಶಂಕರಪುರದ ನಾಯಿಗಳೂ ಬಾಲ ಮುದುರುತ್ತವೆ. ಲೋಹಿತ್ ನಿಂತಲ್ಲೇ ಬೆವರಿದ. ಎಷ್ಟು ಹೊತ್ತಿಗೆ ಬರಲಿ ಎಂದು ಅವನು ಕೇಳಿದ ಮೇಲೆಯೇ ಗೋದಾ ನಕ್ಕದ್ದು.