ಚಿಲಕ ಯಾವ ಕಡೆಗೆ

“ರೀ, ನಿಲ್ಲಿ! ಇದು ಹೆಂಗಸರ ಕಡೆ!”

ಪ್ರಾರ್ಥನಾ ಮಂದಿರವನ್ನು ಎರಡು ಭಾಗ ಮಾಡಿ ನಿಂತಿದ್ದ ಮರದ ಜಾಲರಿಯ ತೆರೆ. ಅದರ ಕೆಳಗಿನಿಂದ ಗಂಡಸೊಬ್ಬನ ತಲೆ ತೂರಿ ಬಂದದ್ದೇ ತಡ, ಅವಳು ನೋಟ್‌ಬುಕ್ ಬಿಟ್ಟು ಎದ್ದು ನಿಂತಿದ್ದಳು. ಅವನ ತಲೆಯ ತುಂಬ ಮರದ ಹೊಟ್ಟು. ಕಿವಿಯ ಮೇಲೊಂದು ಪೆನ್ಸಿಲ್.

“ಗೊತ್ತು ಮೇಡಂ,” ಎಂದಿತು ತಲೆ, ಒಂಚೂರೂ ಗಾಬರಿಯಾಗದೆ. “ಆದ್ರೆ ಗೆದ್ದಲಿಗೆ ಗೊತ್ತಿಲ್ವಲ್ಲ. ಆ ಕಡೆ ಶುರು ಮಾಡಿ ಈ ಕಡೆ ಬಂದ್ಬಿಟ್ಟಿದೆ. ನಾನು ಅದರ ಹಿಂದೆ ಬಂದೆ.”

ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ದೀಪ ಒರೆಸುತ್ತಿದ್ದ ಹಿರಿಯಾಕೆ ಕಣ್ಣೀರು ಬರುವಷ್ಟು ನಕ್ಕು, “ನನ್ನ ಮಗನೇ ಕಣಮ್ಮ. ಬಡಗಿ. ನಾನೇ ಬರೋಕೆ ಹೇಳಿದ್ದೆ,” ಎಂದಳು.

ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಧರ್ಮ ಮತ್ತು ಗಂಡು-ಹೆಣ್ಣಿನ ಭೇದ ಒಂದನ್ನೊಂದು ಹೇಗೆ ರೂಪಿಸುತ್ತವೆ ಎಂದು ಪಿಎಚ್.ಡಿ. ಮಾಡಲು ಮೂರು ತಿಂಗಳಿಂದ ಇಲ್ಲಿದ್ದಳು. ಹೆಂಗಸರು ಅವಳಿಗೆ ಪ್ರಶ್ನೆ ಮೇಡಂ ಎಂದೇ ಹೆಸರಿಟ್ಟಿದ್ದರು. ಮೊದಲ ವಾರವೇ ನೋಟ್‌ಬುಕ್ಕಿನಲ್ಲಿ ‘ತೆರೆ: ಹೆಂಗಸರನ್ನು ಹಿಂದಕ್ಕೆ ತಳ್ಳುವ ಸಾಧನ’ ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಈಗ ನೋಡಿದರೆ ಆ ತೆರೆಗೆ ತಾನೇ ಕಾವಲು ನಿಂತಿದ್ದಾಳೆ!

ಬಡಗಿ ತೆರೆಯನ್ನು ಬಿಚ್ಚಿ, ಒಂದೊಂದೇ ಹಲಗೆಯನ್ನು ಹಿತ್ತಲಿಗೆ ಸಾಗಿಸಿದ. ರೆಕಾರ್ಡರ್ ಹಿಡಿದು ಅವಳೂ ಹಿಂದೆಯೇ ಹೋದಳು. ತೆರೆಯ ಆಚೆ ನಡೆಯುವುದನ್ನು ಅವಳು ಕಂಡೇ ಇರಲಿಲ್ಲ, ಹೇಳುವವರು ಬೇಕಿತ್ತು.

“ಗಂಡಸರ ಕಡೆ ಏನು ನಡೆಯುತ್ತೆ?”

“ಮುಂದೆ ಕೂತೋರು ದೇವರ ಪುಸ್ತಕ ಓದ್ತಾರೆ. ಹಿಂದೆ ಕೂತೋರು ನಿದ್ದೆ ಮಾಡ್ತಾರೆ.”

“ನೀವು?”

“ನಾನು ನಡುವೆ. ಯಾವ ಕಡೆ ವಾಲ್ಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ.”

ಅವಳು ಬರೆದುಕೊಂಡಳು. ಅವನು ಬಗ್ಗಿ ಇಣುಕಿದ. “ಇದನ್ನೂ ಬರೀತೀರಾ?”

“ಎಲ್ಲಾ ಬರೀತೀನಿ.”

“ಹಾಗಾದ್ರೆ ನಾಳೆ ಒಳ್ಳೇ ಶರ್ಟ್ ಹಾಕ್ಕೊಂಡು ಬರ್ತೀನಿ.”

ನಿಜಕ್ಕೂ ಹಾಕಿಕೊಂಡು ಬಂದ. ನೀಲಿ ಶರ್ಟು, ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ಹಲಗೆ ಉಜ್ಜುತ್ತ, “ಬೇರೆ ಕಡೆಯೆಲ್ಲ ಹೇಗಿರುತ್ತೆ ಹೇಳಿ,” ಎಂದ.

ಅಷ್ಟು ಸಾಕಾಯಿತು ಅವಳಿಗೆ. “ಒಂದು ಸಮಾಜದಲ್ಲಿ ದೇವರ ಮಾತು ಹೆಂಗಸರ ಬಾಯಲ್ಲೇ ಬರಬೇಕು, ಗಂಡಸರು ಡೋಲು ಬಡೀತಾ ಕೂತಿರ್ಬೇಕು. ಇನ್ನೊಂದರಲ್ಲಿ, ಗಂಡು ಅಂತಾನೂ ಹೆಣ್ಣು ಅಂತಾನೂ ಹೇಳೋಕಾಗದವರು ಬಂದು ಹರಸಿದ್ರೆ ಮಗುಗೆ ಒಳ್ಳೇದು ಅಂತಾರೆ. ಎಲ್ಲಿ ಕೇಳಿದ್ರೂ ಒಂದೇ ಉತ್ತರ: ಇದು ಮೊದಲಿಂದ ಹೀಗೇ, ದೇವರೇ ಹೇಳಿದ್ದು. ಪಕ್ಕದ ಊರಿಗೆ ಹೋದ್ರೆ ಅದೇ ದೇವರು ಉಲ್ಟಾ ಹೇಳಿರ್ತಾನೆ!”

ಉಜ್ಜುವ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಅವನ ನೋಟ ಅವಳ ಮುಖದ ಮೇಲೇ ಇತ್ತು.

“ಏನು ನೋಡ್ತಿದ್ದೀರಿ?”

“ನೀವು ಮಾತು ಶುರು ಮಾಡೋಕೆ ಮೊದಲೇ ನಿಮ್ಮ ಎಡಗಡೆ ಹುಬ್ಬು ಶುರು ಮಾಡುತ್ತೆ.”

ಅವಳು ತಟ್ಟನೆ ಹುಬ್ಬು ಮುಟ್ಟಿಕೊಂಡಳು. ಎದೆಯೊಳಗೆ ಏನೋ ಒಂದು ಮೆಟ್ಟಿಲು ತಪ್ಪಿ ಇಳಿದ ಹಾಗಾಯಿತು.

ಸಂಜೆ ಟಿಪ್ಪಣಿ ಬರೆಯಲು ಕುಳಿತಳು. ಗಂಡಸರು ಕೂರುವ ಕ್ರಮದ ಬಗ್ಗೆ ಮೂರು ಸಾಲು. ಹಲಗೆಯ ಮೇಲಿನ ಪುಡಿಯನ್ನು ಅವನು ಊದುವಾಗ ಕಣ್ಣು ಕಿರಿದು ಮಾಡುವ ಬಗ್ಗೆ ಅರ್ಧ ಪುಟ. ಓದಿ ನೋಡಿ, ಯಾರೋ ನೋಡಿಬಿಟ್ಟರು ಎನ್ನುವಂತೆ ಪುಟ ತಿರುವಿದಳು.

ಎಡವಟ್ಟಾದದ್ದು ಒಂದು ಕಪ್ ಟೀಯಿಂದ. ಮಂದಿರದ ಅಧ್ಯಕ್ಷರು ಒಳ್ಳೆಯ ಮನುಷ್ಯ. ಕಾಲಕ್ಕೆ ತಕ್ಕ ಹಾಗಿದ್ದೇನೆ ಎನ್ನಿಸಿಕೊಳ್ಳುವ ಚಪಲ ಸ್ವಲ್ಪ ಜಾಸ್ತಿ. ಟೀ ಕುಡಿಯುತ್ತ, “ಬೇರೆ ಕಡೆ ಇಂಥ ತೆರೆ ಇದೆಯೇನಮ್ಮ?” ಎಂದರು. “ಕೆಲವು ಕಡೆ ತೆಗೆದಿದ್ದಾರೆ ಸರ್,” ಎಂದಳು. ಅಷ್ಟೇ. ಮರುದಿನ ಬಾಗಿಲಲ್ಲಿ ನೋಟೀಸು: ‘ಯೂನಿವರ್ಸಿಟಿ ಮೇಡಂ ಅವರ ಸಲಹೆಯಂತೆ ತೆರೆಯನ್ನು ಶಾಶ್ವತವಾಗಿ ತೆಗೆಯಲಾಗಿದೆ.’

ಅಂದು ಯಾವ ಹೆಂಗಸೂ ಅವಳ ಮುಖ ನೋಡಲಿಲ್ಲ. ಬಡಗಿ ಹಿತ್ತಲಲ್ಲಿ ಉಳಿ ಹಿಡಿದು ಸುಮ್ಮನೆ ನಿಂತಿದ್ದ.

“ನೀವು ಹೇಳಿದ್ರಾ?”

“ಇಲ್ಲ. ಅಂದ್ರೆ ಹೌದು. ಹಾಗಲ್ಲ...”

“ತೆರೆ ಹೋದ್ರೆ ಹೋಗ್ಲಿ ಮೇಡಂ. ನಮ್ಮಮ್ಮ ಬೆಳಗ್ಗೆಯಿಂದ ಒಂದು ಮಾತಾಡಿಲ್ಲ.” ಮುಖ ತಿರುಗಿಸಿ ಕೆಲಸಕ್ಕೆ ಬಗ್ಗಿದ.

ಪ್ರಬಂಧ ಕೆಟ್ಟರೂ ಇಷ್ಟು ನೋಯುತ್ತಿರಲಿಲ್ಲ. ಅವಳು ಅಧ್ಯಕ್ಷರ ಹತ್ತಿರ ಹೋಗಲಿಲ್ಲ. ನೇರವಾಗಿ ಹೋಗಿ ಅವನ ತಾಯಿಯ ಪಕ್ಕ ನೆಲದ ಮೇಲೆ ಕೂತು, ಒಂದು ಬಟ್ಟೆ ತೆಗೆದುಕೊಂಡು ದೀಪ ಒರೆಸತೊಡಗಿದಳು.

“ತಪ್ಪಾಯ್ತಮ್ಮ.”

ಹಿರಿಯಾಕೆ ಎರಡು ದೀಪ ಒರೆಸಿ ಮುಗಿಸಿ ಬಾಯಿ ಬಿಟ್ಟಳು. “ಆ ತೆರೆ ಮರೇಲಿ ನಾವು ಮನಸ್ಸು ಬಿಚ್ಚಿ ಹಾಡ್ತೀವಿ, ಅಳ್ತೀವಿ, ಅತ್ತೇರ ಮೇಲೆ ದೂರು ಹೇಳ್ಕೋತೀವಿ. ಹಾಗಂತ ಅದು ನಂಗೆ ಇಷ್ಟ ಅಂತಲ್ಲ. ಆ ಪುಸ್ತಕ ಕೇಳಿ ಕೇಳಿ ನಂಗೆ ಬಾಯಿಪಾಠ ಆಗಿದೆ, ಒಂದು ಸಲನಾದ್ರೂ ನನ್ನ ಕೈಗೆ ಕೊಟ್ಟಿದ್ದಾರಾ? ತೆರೆ ಹಾಕ್ದಾಗ್ಲೂ ನಮ್ಮನ್ನ ಕೇಳ್ಲಿಲ್ಲ, ತೆಗೆದಾಗ್ಲೂ ಕೇಳ್ಲಿಲ್ಲ. ನೀನು ಮೂರು ತಿಂಗಳು ಪ್ರಶ್ನೆ ಕೇಳ್ದೆ ಮಗಳೇ. ನಿಮಗೇನು ಬೇಕು ಅಂತ ಒಂದು ಸಲ ಕೇಳಿದ್ಯಾ?”

ಕೇಳಿರಲಿಲ್ಲ. ಅವಳು ನೋಟ್‌ಬುಕ್ ಮುಚ್ಚಿದಳು. “ಈಗ ಕೇಳ್ತೀನಿ. ಹೇಳಿ.”

ಹೆಂಗಸರು ಎರಡು ಗಂಟೆ ಮಾತಾಡಿದರು. ತೆರೆ ಬೇಕು ಎಂದವರು, ಸುಟ್ಟುಹಾಕಿ ಎಂದವರು, ಇಬ್ಬರನ್ನೂ ಬೈದವರು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಮರುದಿನ ಸಮಿತಿಯ ಸಭೆಗೆ ಮೂವತ್ತು ಜನ ಹೆಂಗಸರು ಹೋಗಿ ಮುಂದಿನ ಸಾಲಿನಲ್ಲೇ ಕೂತರು. ಅಧ್ಯಕ್ಷರ ಕನ್ನಡಕ ಮೂಗಿನ ತುದಿಗೆ ಜಾರಿತು.

“ಸಲಹೆ ನಾನು ಕೊಟ್ಟಿಲ್ಲ ಸರ್, ಕೊಡೋ ಹಕ್ಕೂ ನಂಗಿಲ್ಲ. ಇವರನ್ನ ಕೇಳಿ,” ಎಂದು ಅವಳು ಕೂತುಬಿಟ್ಟಳು.

ದೀಪದ ಹಿರಿಯಾಕೆ ಎದ್ದಳು. “ತೆರೆ ಇರ್ಲಿ. ನಡುವೆ ಒಂದು ಬಾಗಿಲು ಇರ್ಬೇಕು. ಚಿಲಕ ನಮ್ಮ ಕಡೆಗೆ. ಇನ್ನು ಪುಸ್ತಕ, ಒಂದು ವಾರ ನೀವು ಓದಿ, ಒಂದು ವಾರ ನಾವು ಓದ್ತೀವಿ.”

ಅಧ್ಯಕ್ಷರು ಕನ್ನಡಕ ಮೇಲಕ್ಕೆ ತಳ್ಳಿ ಬಡಗಿಗಾಗಿ ಕಣ್ಣಾಡಿಸಿದರು. “ಈ ಹಳೇ ಮರಕ್ಕೆ ಬಾಗಿಲು ಕೂಡುತ್ತೇನಪ್ಪ?”

“ಕೂಡುತ್ತೆ,” ಹಿಂದಿನಿಂದ ಬಡಗಿಯ ದನಿ. “ಬೆಳಗ್ಗೇನೇ ಅಳತೆ ತಗೊಂಡೆ.”

ಮಂದಿರಕ್ಕೆ ಮಂದಿರವೇ ನಕ್ಕಿತು. ಅಷ್ಟು ತಲೆಗಳ ಮೇಲಿಂದ ಅವನು ಅವಳನ್ನೇ ನೋಡುತ್ತಿದ್ದ. ಮುನಿಸಿನ ಸುಳಿವಿಲ್ಲ. ಅವಳು ನೆಲ ನೋಡಿದಳು, ಛಾವಣಿ ನೋಡಿದಳು, ಕೊನೆಗೆ ಸೋತು ಅವನನ್ನೇ ನೋಡಿದಳು.

ಸಮಿತಿ ಒಪ್ಪಿ ಆ ವಾರವೇ ಬಾಗಿಲು ಕೂತಿತು, ಅವನ ತಾಯಿ ಪುಸ್ತಕ ಹಿಡಿದು ಓದಿದಳು; ತೆರೆದ ಬಾಗಿಲಿನಿಂದ ದನಿ ಎರಡೂ ಕಡೆ ತುಂಬಿತು, ಹಿಂದಿನ ಸಾಲಿನಲ್ಲಿ ಒಬ್ಬರೂ ತೂಕಡಿಸಲಿಲ್ಲ. ಓದು ಮುಗಿದದ್ದೇ ಪ್ರಶ್ನೆ ಮೇಡಂ ಹೊರಗೆ ಓಡಿ ತನ್ನ ಗೈಡ್‌ಗೆ ಫೋನ್ ಮಾಡಿದಳು.

“ಮೇಡಂ, ಮಾಹಿತಿ ಕೊಟ್ಟ ಒಬ್ಬರನ್ನ ಪ್ರಬಂಧದಿಂದ ಪೂರ್ತಿ ತೆಗೀಬೇಕು. ಅವರ ಬಗ್ಗೆ ನಾನು ನಿಷ್ಪಕ್ಷಪಾತವಾಗಿ ಬರೆಯೋಕಾಗಲ್ಲ.”

“ಅವರ ಬಗ್ಗೆ ಈವರೆಗೆ ಎಷ್ಟು ಪುಟ ಬರ್ದಿದ್ದೀಯ?”

“ನಲವತ್ತೊಂದು.”

“ನಲವತ್ತೊಂದು ಪುಟ ಆದ್ಮೇಲೆ ಗೊತ್ತಾಯ್ತಾ? ತೆಗಿ ತೆಗಿ. ನೀನೂ ಹೋಗು ಅವರ ಹತ್ರ, ನನ್ನ ಜೊತೆ ಫೋನಲ್ಲೇನು ಮಾಡ್ತಿದ್ದೀಯ!”

ಬಡಗಿಯ ವರ್ಕ್‌ಶಾಪ್ ಅವನ ಮನೆಗೆ ಅಂಟಿಕೊಂಡೇ ಇತ್ತು. ಅವನು ಆಗಲೇ ಮಂದಿರದಿಂದ ಬಂದು ಕುರ್ಚಿಯ ಕಾಲಿಗೆ ಅಂಟು ಹಚ್ಚುತ್ತಿದ್ದ. ಓಡಿಬಂದ ಏದುಸಿರಲ್ಲೇ ಅವಳು ಹೇಳಿದಳು, “ಇನ್ಮೇಲೆ ನೀವು ನನ್ನ ಪ್ರಬಂಧದಲ್ಲಿ ಇಲ್ಲ.”

ಅವನ ಮುಖ ಸಣ್ಣದಾಯಿತು. “ಮತ್ತೆ ಎಲ್ಲಿದ್ದೀನಿ?”

“ನೀವು...” ಎಂದವಳು ತಡೆದಳು. ಕಣ್ಣು ಮುಚ್ಚಿ ತೆರೆದಳು. “ನೀನು ನನ್ನ ಜೊತೆ ಇರ್ಬೇಕು ಅಂತ ಆಸೆ. ಇರ್ತೀಯಾ?”

‘ನೀನು’ ಎಂಬ ಒಂದು ಮಾತಿಗೇ ಅವನ ಕಿವಿ ಕೆಂಪಾಯಿತು. “ಇರ್ತೀನಿ,” ಎಂದ. ಸಾಲದೆನಿಸಿ ಇನ್ನೆರಡು ಸಲ ಹೇಳಿದ. ಅಂಟಿನ ಕೈಯಲ್ಲೇ ಅವಳ ಕೈ ಹಿಡಿದ; ಆಮೇಲೆ ಬಿಡಿಸಿಕೊಳ್ಳಲು ಇಬ್ಬರೂ ಒದ್ದಾಡಿ, ನಕ್ಕೂ ನಕ್ಕೂ ಸುಸ್ತಾದರು. ಬಿಟ್ಟದ್ದೇ ಅವನು ಬರಿಗಾಲಲ್ಲಿ ಅಂಗಳಕ್ಕೆ ಓಡಿದ.

“ಅಮ್ಮಾ! ಅಮ್ಮಾ!”

ಅಂಗಳದಿಂದ ಹಿರಿಯಾಕೆಯ ದನಿ ಒಳಗಿದ್ದ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

“ಕಿರುಚಬೇಡ, ಗೊತ್ತಾಯ್ತು. ಮೊದಲು ಬಾಯಿಬಿಟ್ಟಿದ್ದು ಯಾರು, ನೀನೋ ಅವಳೋ?”

“ಅವಳೇ ಅಮ್ಮ.”

“ಅದೇ ಅಂದ್ಕೊಂಡೆ. ನೀನಾಗಿದ್ರೆ ಇನ್ನೂ ನಾಲ್ಕು ವರ್ಷ ಅದೇ ಹಲಗೆ ಉಜ್ಜುತ್ತಿದ್ದೆ. ಕರಿ ಅವಳನ್ನ ಒಳಗೆ, ಊಟಕ್ಕೆ ಕೂರೋಣ.”