ಶೇವಂತಕ್ಕನ ನಡಿಗೆ

ಕಿರಣಗತ್ತರಿ ಕೆಲಸ ಮಾಡುವಾಗ ಸದ್ದೇ ಇರುತ್ತಿರಲಿಲ್ಲ. ಹದ ಮಾಡಿದ ಎಮ್ಮೆಯ ಚರ್ಮವನ್ನು ಗಾಜಿನ ಪೆಟ್ಟಿಗೆಯೊಳಗೆ ಹಾಸಿ ಮುಚ್ಚಳ ಇಳಿಸಿದರೆ ಸಾಕು, ಕೂದಲಿಗಿಂತ ತೆಳುವಾದ ಲೇಸರ್ ಕಿರಣ ಅದರ ಮೇಲೆ ಓಡಾಡಿ ಚಪ್ಪಲಿಯ ಅಟ್ಟೆಯನ್ನು ಕತ್ತರಿಸುತ್ತಿತ್ತು. ಬೇಕಾದಲ್ಲಿ ದಪ್ಪ ಬಿಟ್ಟು, ಬೇಡವಾದಲ್ಲಿ ಹೆರೆದು, ಅಂಚಿನ ಸುತ್ತ ಹೊಲಿಗೆಯ ತೂತುಗಳನ್ನೂ ಕೊರೆದು, ಒಂದು ಲೋಟ ಚಹಾ ಆರುವುದರೊಳಗೆ ಒಂದು ಜೊತೆ ಮುಗಿಸುತ್ತಿತ್ತು. ಅಥಣಿಯ ಸಮುದಾಯ ಕಾರ್ಯಾಗಾರಕ್ಕೆ ಅದು ಬಂದ ಹೊಸದರಲ್ಲಿ ಊರಿನವರು ಕಿಟಕಿಗೆ ಮುಖ ಹಚ್ಚಿ ನೋಡಿದ್ದರು. ಆಮೇಲೆ ಎಲ್ಲರಿಗೂ ಬೇಸರ ಬಂತು. ಸುಟ್ಟ ಚರ್ಮದ ವಾಸನೆಗೂ ಮೂಗು ಒಗ್ಗಿಹೋಯಿತು.

ಅದನ್ನು ರೂಪಿಸಿದವರು ಧಾರವಾಡದ ವಿಜ್ಞಾನಿ ಡಾ. ಅನಿರುದ್ಧ ಗಲಗಲಿ. ಆ ಕಾಲಕ್ಕೆ ಸಕ್ಕರೆ ಕಾಯಿಲೆ ಮನೆಮನೆಯ ನೆಂಟನಾಗಿತ್ತು. ಕಾಯಿಲೆ ಹಳೆಯದಾದಂತೆ ಪಾದಗಳಿಗೆ ಸ್ಪರ್ಶವೇ ತಿಳಿಯದಾಗುತ್ತದೆ. ಹುಣ್ಣಾದರೂ ನೋವಿಲ್ಲ. ನೋವಿಲ್ಲದ ಹುಣ್ಣಿನ ಮೇಲೆಯೇ ಮನುಷ್ಯ ತಿರುಗಾಡುತ್ತಾನೆ, ಅದು ಎಲುಬಿಗಿಳಿಯುತ್ತದೆ, ಕೊನೆಗೆ ಕಾಲನ್ನೇ ತೆಗೆಯಬೇಕಾಗುತ್ತದೆ. ಗಲಗಲಿಯವರು ಕಾರ್ಯಾಗಾರದ ಬಾಗಿಲ ಬಳಿ 'ಹೆಜ್ಜೆಗನ್ನಡಿ' ಎಂಬ ಉದ್ದನೆಯ ಹಲಗೆಯೊಂದನ್ನು ಕೂರಿಸಿದರು. ರೋಗಿ ಅದರ ಮೇಲೆ ನಡೆದರೆ ಪಾದದ ಯಾವ ಭಾಗದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಹಲಗೆ ಓದಿ ಕಿರಣಗತ್ತರಿಗೆ ತಿಳಿಸುತ್ತಿತ್ತು. ಹುಣ್ಣಿಗೆ ಭಾರ ತಾಗದಂತೆ ಅಟ್ಟೆ ತಯಾರಾಗುತ್ತಿತ್ತು. ಆದರೆ ಒಂದು ಚರ್ಮ ಬಾಗಿದಂತೆ ಇನ್ನೊಂದು ಬಾಗುವುದಿಲ್ಲ. ಆದ್ದರಿಂದ ಹೊಲಿದು ಮುಗಿದ ಮೇಲೆ ರೋಗಿ ಆ ಚಪ್ಪಲಿ ಮೆಟ್ಟಿ ಮತ್ತೊಮ್ಮೆ ಹಲಗೆಯ ಮೇಲೆ ನಡೆಯಬೇಕು. ಆ ಕೊನೆಯ ಓದಿನ ಪ್ರಕಾರ ಕಿರಣವು ಮೇಲಿನ ಪದರವನ್ನು ಇನ್ನಷ್ಟು ಹೆರೆಯಬೇಕು ಎಂಬುದು ಕ್ರಮವಾಗಿತ್ತು.

ಹೊಲಿಗೆ ಮಾತ್ರ ಕೈಯದೇ. ಅಂಟು ಹಾಕಿದರೆ ಗಟ್ಟಿಯಾಗುತ್ತದೆ, ಮೊಳೆ ಹೊಡೆದರೆ ಚುಚ್ಚುತ್ತದೆ, ಯಂತ್ರದ ಹೊಲಿಗೆ ಎಲ್ಲ ಕಡೆ ಒಂದೇ ಬಿಗಿ. ಹೆಂಗಸರು ಚರ್ಮದ ಎಳೆಯನ್ನು ತೂತಿನಿಂದ ತೂತಿಗೆ ಎಳೆದು ಹೊಲಿದರೆ ಮಾತ್ರ ಚಪ್ಪಲಿ ಕಾಲಿನ ಮಾತು ಕೇಳುತ್ತದೆ. ಮೊದಲು ಗಂಡಸರು ಚರ್ಮ ಕೊಯ್ಯುವ ಉಳಿಯಾದ ರಂಪಿಗೆ ಹಿಡಿದು ಕತ್ತರಿಸುತ್ತಿದ್ದರು, ಹೆಂಗಸರು ಹೊಲಿಯುತ್ತಿದ್ದರು. ಈಗ ರಂಪಿಗೆಗಳು ತುಕ್ಕು ಹಿಡಿದವು, ಗಂಡಸರು ಬೇರೆ ಬೇರೆ ಕೆಲಸ ಹುಡುಕಿಕೊಂಡು ಹೋದರು, ಹೆಂಗಸರು ಉಳಿದರು. ಪತ್ರಿಕೆಯಲ್ಲಿ ಬಂದದ್ದು ಕಿರಣಗತ್ತರಿಯ ಚಿತ್ರ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು.

ಹೊಲಿಯುವವರಲ್ಲಿ ಹಿರಿಯಳು ಶೇವಂತಕ್ಕ. ಎಡಗಾಲನ್ನು ಮಡಚಿ ಅದರ ಮೇಲೆ ಕೂತು, ಬಲ ಮೊಳಕಾಲು ಎತ್ತಿ, ಅದಕ್ಕೆ ಚಪ್ಪಲಿಯನ್ನು ಒತ್ತಿ ಹಿಡಿದು ಹೊಲಿಯುವುದು ಅಲ್ಲಿನ ರೂಢಿ. ಹಾಗೆ ಕೂತು ಕೂತು ಅವಳ ಎಡ ಸೊಂಟದ ಕೀಲು ಸವೆದುಹೋಗಿತ್ತು. ಏಳುವಾಗ ಗೋಡೆ ಬೇಕು, ಎದ್ದ ಮೇಲೆ ಕ್ಷಣ ನಿಲ್ಲಬೇಕು, ಆಮೇಲೆ ಎಡಗಾಲನ್ನು ಎಳೆದುಕೊಂಡು ನಡೆಯಬೇಕು. ಜಿಲ್ಲಾಸ್ಪತ್ರೆಯಲ್ಲಿ ಹೆಸರು ಬರೆಸಿ ಕಾದು ಕಾದು, ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಅಂತೂ ಅವಳ ಸರದಿ ಬಂದಿತ್ತು. ಬರುವ ತಿಂಗಳ ಮೊದಲ ಸೋಮವಾರ ಹೋಗಬೇಕಿತ್ತು. ಆ ಸೋಮವಾರವನ್ನು ಬಿಟ್ಟು ಅವಳಿಗೆ ಈ ಲೋಕದಲ್ಲಿ ಬೇರೆ ಆಸೆ ಉಳಿದಿರಲಿಲ್ಲ.

ಅಷ್ಟರಲ್ಲಿ ಗಲಗಲಿಯವರು ಫಲಿತಾಂಶ ನೋಡಲು ಬಂದರು. ಫಲಿತಾಂಶ ಅವರ ನಿರೀಕ್ಷೆಯನ್ನೂ ಮೀರಿತ್ತು. ಮಾಯುವುದೇ ಇಲ್ಲ ಎಂದು ಕೈಬಿಟ್ಟಿದ್ದ ಹುಣ್ಣುಗಳು ಮಾಯುತ್ತಿದ್ದವು. ಹಿರಿಹಿರಿ ಹಿಗ್ಗಿದ ಅವರು ತಮಗೂ ಒಂದು ಜೊತೆ ಮಾಡಿಸಿಕೊಂಡು, ಊರಿನ ಅತಿಥಿಗೃಹದಲ್ಲಿ ಉಳಿದು, ಅದನ್ನೇ ಮೆಟ್ಟಿ ಓಡಾಡತೊಡಗಿದರು.

ಕೆಲವೇ ದಿನಗಳಲ್ಲಿ ಅವರ ಸೊಂಟದ ಎಡಭಾಗ ಹಿಡಿದುಕೊಂಡಿತು. ಚುರುಕಾಗಿ ನಡೆಯುವ ಮನುಷ್ಯ ಕಟ್ಟೆ ಕಂಡಲ್ಲೆಲ್ಲ ಕೂರುವಂತಾಯಿತು. ಬಸ್ ನಿಲ್ದಾಣದ ಎದುರಿನ ಕಟ್ಟೆಯಲ್ಲಿ ಅವರ ಪಕ್ಕ ಅದೇ ಕಾರ್ಯಾಗಾರದ ಚಪ್ಪಲಿ ಮೆಟ್ಟಿದ ಇಮಾಮಸಾಬ ಸಿಕ್ಕ. ಬಸ್ ಕಂಡಕ್ಟರನಾಗಿ ಜೀವಮಾನವೆಲ್ಲ ನಿಂತೇ ಕಳೆದ ಅವನು, ನಿವೃತ್ತಿಯ ನಂತರವೂ ಒಂದು ಕಡೆ ಕೂತವನಲ್ಲ ಎಂದು ಊರೇ ಹೇಳುತ್ತಿತ್ತು.

"ಗಾಯ ಮಾಯ್ದೈತ್ರಿ," ಎಂದ ಅವನು. "ಆದ್ರ ನಾಕ ಹೆಜ್ಜಿ ಹಾಕೂದ್ರಾಗ ಟೊಂಕ ಕೂಡ್ರು ಅಂತೈತಿ. ಕೂಡತೀನಿ. ಏನ್ ಮಾಡೂದ್ರಿ, ವಯಸ್ಸಾತು."

ಗಲಗಲಿಯವರಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ. ಅವರು ಕಾರ್ಯಾಗಾರಕ್ಕೆ ಮರಳಿ ಹೆಜ್ಜೆಗನ್ನಡಿಯ ನೆನಪನ್ನು ತೆರೆದು ನೋಡಿದರು. ಮೊದಲ ಓದುಗಳೆಲ್ಲ ಬೇರೆ ಬೇರೆಯಾಗಿದ್ದವು, ಒಬ್ಬೊಬ್ಬರದು ಒಂದೊಂದು ನಡಿಗೆ. ಕೊನೆಯ ಓದುಗಳು ಮಾತ್ರ ಎಲ್ಲವೂ ಒಂದೇ. ಎಳೆಯುವ ಎಡಗಾಲು, ಬಲ ಪಾದದ ಹೊರ ಅಂಚಿನ ಮೇಲೆ ಭಾರ, ನಡುನಡುವೆ ಒಂದು ಸಣ್ಣ ನಿಲುಗಡೆ. ಯಂತ್ರ ಕೆಟ್ಟಿದೆಯೇ ಎಂದು ಅವರು ತಲೆ ಕೆರೆದುಕೊಳ್ಳುತ್ತಿರುವಾಗ ಶೇವಂತಕ್ಕ ಆಗಷ್ಟೇ ಹೊಲಿದ ಒಂದು ಜೊತೆಯನ್ನು ಮೆಟ್ಟಿಕೊಂಡು ಹಲಗೆಯ ಮೇಲೆ ಹೋಗಿ ಬಂದಳು. ಅವಳು ಇಟ್ಟ ಪ್ರತಿ ಹೆಜ್ಜೆಯೂ ಅವರ ಸೊಂಟಕ್ಕೆ ಗುರುತು ಸಿಕ್ಕಿತು.

ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಅವಳು ಹಲ್ಲು ಮುರಿಯುತ್ತಿದ್ದೇನೆ ಎಂದಳು.

ಹೊಸ ಚಪ್ಪಲಿ ಕಚ್ಚುತ್ತದೆ. ಕಚ್ಚುವುದಾದರೆ ಹೊಲಿದವರ ಕಾಲನ್ನು ಕಚ್ಚಲಿ, ಮೆಟ್ಟುವವರ ಕಾಲನ್ನಲ್ಲ ಎಂಬುದು ಅವರ ಹಿರಿಯರು ನಡೆಸಿಕೊಂಡು ಬಂದ ರೀತಿ. ಹಾಗಾಗಿ ಮನೆ ಬಿಡುವ ಮೊದಲು ಪ್ರತಿ ಜೊತೆಯ ಹಲ್ಲನ್ನೂ ಹಿರಿಯಳೊಬ್ಬಳು ಮೆಟ್ಟಿ ನಡೆದು ಮುರಿಯಬೇಕು. ಅದರಲ್ಲೂ ಹುಣ್ಣಿನ ಕಾಲಿಗೆ ಮುರಿಯದ ಚಪ್ಪಲಿ ಕೊಡುವುದುಂಟೇ? ಕಾರ್ಯಾಗಾರದ ನೆಲದ ತುಂಬ ಚರ್ಮದ ಚೂರುಗಳಿದ್ದವು. ಸಮತಟ್ಟಾಗಿ, ಚೊಕ್ಕಟವಾಗಿ ಇದ್ದದ್ದು ಹೆಜ್ಜೆಗನ್ನಡಿಯೊಂದೇ. ಅವಳು ಅದರ ಮೇಲೆ ನಡೆದಳು. ಹೊಲಿಗೆಯ ನಂತರದ ಮೊದಲ ನಡಿಗೆ ಅವಳದೇ ಆದ್ದರಿಂದ ಹಲಗೆ ಅದನ್ನೇ ರೋಗಿಯ ಕೊನೆಯ ಓದು ಎಂದುಕೊಂಡು ಕಿರಣಕ್ಕೆ ಹೇಳಿತು, ಕಿರಣ ಅದರಂತೆ ಹೆರೆಯಿತು. ಹೀಗೆ ಊರಿನ ಅಷ್ಟೂ ಸಕ್ಕರೆ ಕಾಯಿಲೆಯವರು ಶೇವಂತಕ್ಕನಂತೆ ನಡೆಯತೊಡಗಿದ್ದರು. ಅವರ ಪಾದಗಳಿಗೆ ಸ್ಪರ್ಶವಿರಲಿಲ್ಲವಾದ್ದರಿಂದ ಅಟ್ಟೆ ಓರೆಯಾಗಿರುವುದು ಯಾರಿಗೂ ತಿಳಿಯಲಿಲ್ಲ.

ತಪ್ಪು ಸಿಕ್ಕಿತೆಂದು ಗಲಗಲಿಯವರು ಇಮಾಮಸಾಬನನ್ನೂ ಇನ್ನೂ ಕೆಲವರನ್ನೂ ಕರೆಸಿ, ಅವರವರ ನಡಿಗೆಯನ್ನೇ ಓದಿಸಿ ಹೊಸ ಜೊತೆಗಳನ್ನು ಕೊಡಿಸಿದರು. ಎಲ್ಲರೂ ಹಗುರಾಗಿ ನಡೆದರು. ಇಮಾಮಸಾಬನಂತೂ ಗುಡ್ಡದ ಮೇಲಿನ ದರ್ಗಾದವರೆಗೆ ನಡೆದೇ ಹೋಗಿ ನಡೆದೇ ಬಂದ. ಮರುದಿನ ಅವನ ಹುಣ್ಣು ಮತ್ತೆ ಬಾಯಿ ಬಿಟ್ಟಿತ್ತು. ಉಳಿದವರದೂ ಅದೇ ಕತೆ.

ಆಗ ವಿಜ್ಞಾನಿಗೆ ವಿಷಯ ತಿಳಿಯಿತು. ಹುಣ್ಣು ಮಾಯಿಸಿದ್ದು ಕಿರಣವಲ್ಲ, ವಿಶ್ರಾಂತಿ. ಕಾಲಿಗೆ ಬಿಡುವು ಕೊಡಿ ಎಂದು ವೈದ್ಯರು ಹೇಳಿ ಹೇಳಿ ಸೋತಿದ್ದರು. ಅದನ್ನು ಯಾರೂ ಕೇಳಿರಲಿಲ್ಲ. ಶೇವಂತಕ್ಕನ ಸೊಂಟ ಕೂರು ಎಂದಾಗ ಮಾತ್ರ ಎಲ್ಲರೂ ಕೂತಿದ್ದರು. ಆ ನಡಿಗೆಯನ್ನು ಯಂತ್ರದಲ್ಲಿ ಶೇಖರಿಸಿಟ್ಟು ಬಳಸಿ ನೋಡಿದರು, ಆಗಲಿಲ್ಲ. ಪ್ರತಿ ಚರ್ಮವೂ ಬೇರೆಯಾದ್ದರಿಂದ ಜೀವಂತ ಕಾಲೇ ನಡೆಯಬೇಕಿತ್ತು. ಸೋಮವಾರ ಅವಳಿಗೆ ಹೊಸ ಕೀಲು ಬಂದರೆ ಆ ನಡಿಗೆ ಇನ್ನಿಲ್ಲವಾಗುತ್ತಿತ್ತು.

ಅವರಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಇನ್ನಷ್ಟು ದಿನ ತಡೆಯಿರಿ ಎಂದು ಅವಳನ್ನು ಕೇಳಬಾರದು ಎನಿಸಿತು. ಕಾಲು ಕಳೆದುಕೊಳ್ಳುವವರ ಸಾಲು ಕಣ್ಣ ಮುಂದೆ ಬಂದು ಕೇಳಲೇಬೇಕು ಎಂದೂ ಎನಿಸಿತು. ಬೆಳಿಗ್ಗೆ ಕಾರ್ಯಾಗಾರಕ್ಕೆ ಬಂದು ಅವಳ ಎದುರು ನೆಲದ ಮೇಲೆಯೇ ಕೂತು, ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಅವಳು ಹೊಲಿಯುತ್ತಲೇ ಕೇಳಿದಳು.

"ಶೇವಂತಕ್ಕಾರ, ಆಪರೇಷನ್ ಒಂದಿಷ್ಟು ಮುಂದ ಹಾಕ್ಲಿಕ್ಕೆ ಬರ್ತದೇನ್ರಿ?" ಎಂದರು ಕೊನೆಗೆ.

"ಎಷ್ಟ ಮುಂದ್ರಿ?"

"ನಿಮ್ಹಂಗ ನಡಿಯೋರು ಇನ್ನೊಬ್ರು ಸಿಗೂ ತನಕ. ಹುಡುಕಬೇಕು. ಅಂಥಾ ನಡಿಗಿ ಎಲ್ಲೆ ಸಿಗ್ತದೋ ಏನೋ."

ಅವಳು ಎಳೆಯನ್ನು ಹಲ್ಲಿನಿಂದ ಕಡಿದು ಚಪ್ಪಲಿಯನ್ನು ಬದಿಗಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕಾಗುತ್ತದೆ.

"ಮಂದಿ ಕಾಲು ಉಳೀಲಿ ಅಂತ ನನಗೂ ಐತ್ರಿ. ಆದ್ರ ನನಗ ಸಾಕಾಗೇತಿ," ಎಂದಳು. ಪಕ್ಕದವಳತ್ತ ತಲೆ ತಿರುಗಿಸಿ, "ಹುಡುಕಾಕ ಎಲ್ಲಿಗಿ ಹೊಕ್ಕೀರಿ? ಅನುಸವ್ವನ್ನ ನಡಸಿ ನೋಡ್ರಿ," ಎಂದಳು.

ಪಕ್ಕದಲ್ಲಿ ಹೊಲಿಯುತ್ತಿದ್ದ ಅನುಸವ್ವ ಗೋಡೆ ಹಿಡಿದು ಎದ್ದಳು. ಕ್ಷಣ ನಿಂತಳು. ಒಂದು ಹೊಸ ಜೊತೆ ಮೆಟ್ಟಿ ಹೆಜ್ಜೆಗನ್ನಡಿಯ ಮೇಲೆ ನಡೆದಳು. ಶೇವಂತಕ್ಕನ ನಡಿಗೆಯೊಂದಿಗೆ ಹೋಲಿಸಿ ನೋಡಿದ ಹಲಗೆ ಹಸಿರು ದೀಪ ಹೊತ್ತಿಸಿತು. ಎರಡೂ ಒಂದೇ. ಗಲಗಲಿಯವರಿಗೆ ಮೊದಲು ಖುಷಿಯೇ ಆಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಖಾತ್ರಿ ಮಾಡಿಕೊಳ್ಳಲು ಅವಳ ಆಚೆ ಕೂತವಳನ್ನು ಕರೆದರು. ಹಸಿರು. ಅವಳ ಆಚೆಯವಳನ್ನೂ ಕರೆದರು. ಒಬ್ಬೊಬ್ಬರಾಗಿ ಇಡೀ ಸಾಲು ಗೋಡೆ ಹಿಡಿದು ಎದ್ದು, ನಿಂತು, ಎಡಗಾಲು ಎಳೆಯುತ್ತ ಹಲಗೆ ದಾಟಿತು. ಕೊನೆಗೆ ಬಂದವಳು ಕಸ್ತೂರಿ. ಕಿರಣಗತ್ತರಿ ಬಂದ ವರ್ಷವೇ ಕೆಲಸಕ್ಕೆ ಸೇರಿದ ಸೊಸೆವಯಸ್ಸಿನ ಹೆಣ್ಣು. ಅವಳಿಗೆ ದೀಪ ಹತ್ತಲು ತುಸು ತಡವಾಯಿತು, ಆದರೆ ಹತ್ತಿತು.

"ಈಕೀಗೆ ಹ್ಯಾಂಗ?" ಎಂದು ಅವರು ಕೇಳಿದರು. ದನಿ ಸಣ್ಣದಾಗಿತ್ತು.

"ಮೊದಲ ಹಿಂಗಿರಲಿಲ್ರಿ," ಎಂದಳು ಶೇವಂತಕ್ಕ. "ಗಂಡಸರು ಒಂದ ಅಟ್ಟಿ ಕತ್ತರಸೂದ್ರಾಗ ನಾವು ಎದ್ದು ನೀರ ತರತಿದ್ವಿ, ಅಂಗಳದಾಗ ಅಡ್ಡಾಡತಿದ್ವಿ. ಈಗ ಒಂದ ಮುಗಿಯೂದ್ರಾಗ ಇನ್ನೊಂದು ಬಂದು ತೊಡಿ ಮ್ಯಾಲ ಬೀಳತೈತಿ. ಏಳಾಕ ಹೊತ್ತ ಇಲ್ಲ. ನಾ ಹಾಳಾಗಾಕ ಭಾಳ ವರ್ಷ ಹಿಡೀತು, ಈ ಹುಡುಗಿಗಿ ಹಿಡೀಲಿಲ್ಲ."

ಗಲಗಲಿಯವರು ಗಾಜಿನ ಪೆಟ್ಟಿಗೆಯತ್ತ ನೋಡಿದರು. ಒಳಗೆ ಕಿರಣ ತನ್ನ ಪಾಡಿಗೆ ಮುಂದಿನ ಜೊತೆಯನ್ನು ಕತ್ತರಿಸುತ್ತಿತ್ತು. ಕೆಲಸದ ನಡುವೆ ವ್ಯರ್ಥವಾಗುವ ಹೊತ್ತನ್ನು ಉಳಿಸಿದ್ದೇನೆ ಎಂದು ಅವರು ಎಷ್ಟೋ ಸಭೆಗಳಲ್ಲಿ ಹೇಳಿಕೊಂಡಿದ್ದರು. ಆ ಹೊತ್ತು ಯಾರ ಸೊಂಟದ್ದು ಎಂದು ಯಾರೂ ಅವರನ್ನು ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ನಾಚಿಕೆಯಿಂದ ಅವರ ತಲೆ ತಗ್ಗಿತು. ಎದ್ದು ಹೋಗಿ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತರು.

ಹೆಂಗಸರು ಮತ್ತೆ ತಮ್ಮ ತಮ್ಮ ಜಾಗದಲ್ಲಿ ಎಡಗಾಲು ಮಡಚಿ ಕೂತರು. ಶೇವಂತಕ್ಕ ಒಬ್ಬಳೇ ಕೂರಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತಳು. ನಿಂತೇ ಕೇಳಿದಳು:

"ಇಷ್ಟ ಮಂದಿ ಅದಾರಲ್ರಿ ಸಾಹೇಬ್ರ. ಹಂಗಾರ ನನ್ನದೊಂದು ಟೊಂಕ ನೆಟ್ಟಗಾದ್ರ ನಡೀತೈತೇನ್ರಿ?"